ಅಕ್ಕಿಆಲೂರಿನ ದಾರಿಯಲ್ಲಿ ರೋಮ್

ಧಾರವಾಡದ ಲಕಮನಹಳ್ಳಿಯಿಂದ ಬೆಳಿಗ್ಗೆ ಹೊರಟವನು ಮಧ್ಯಾಹ್ನದ ಊಟದ ಹೊತ್ತಿಗೆ ರೋಮ್ ಸಾಮ್ರಾಜ್ಯದ ಕೊನೆಗಾಲವನ್ನು ತಲುಪಬಹುದು. ದಾರಿ ಸರಳ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಹೆದ್ದಾರಿ ಹಿಡಿದು ಶಿಗ್ಗಾವಿ, ಬಂಕಾಪುರ, ಆಮೇಲೆ ಹಾನಗಲ್ಲು, ಅದನ್ನು ದಾಟಿ ಅಕ್ಕಿಆಲೂರು. ಈ ಅಕ್ಕಿಆಲೂರಿನಲ್ಲಿ ಕ್ರಿ.ಶ. ಐದು–ಆರನೆಯ ಶತಮಾನಗಳ ರೋಮನ್ ಚಿನ್ನದ ನಾಣ್ಯಗಳ ನಿಧಿಯೊಂದು ಸಿಕ್ಕಿತ್ತು. ಅದು ಹಾವೇರಿ ಜಿಲ್ಲೆ ಹುಟ್ಟುವ ಮೊದಲಿನ ಮಾತು. ಹಾಗಾಗಿ ಪ್ರಪಂಚದ ನಾಣ್ಯಶಾಸ್ತ್ರದ ಪುಸ್ತಕಗಳಲ್ಲಿ ಅದರ ವಿಳಾಸ ಇವತ್ತಿಗೂ ಧಾರವಾಡ ಜಿಲ್ಲೆ ಅಂತಲೇ ಇದೆ. 1997ರಲ್ಲಿ ಜಿಲ್ಲೆ ಒಡೆದದ್ದು ಆ ಪುಸ್ತಕಗಳಿಗೆ ಗೊತ್ತಿಲ್ಲ.

ರೋಮಿನ ಪತನದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಒಂದು ಪುಟದಲ್ಲಿ ಓದಿ ಮುಗಿಸಿದವರು. ಕಾಡುಜನ ಬಂದರು, ಊರು ಸುಟ್ಟರು, 476ರಲ್ಲಿ ಕೊನೆಯ ಚಕ್ರವರ್ತಿಯನ್ನು ಇಳಿಸಿದರು. ಎಡ್ವರ್ಡ್ ಗಿಬ್ಬನ್ 1776ರಿಂದ ಶುರುಮಾಡಿ ಆರು ಸಂಪುಟಗಳಲ್ಲಿ ಬರೆದದ್ದು ನಮ್ಮ ಮಾಸ್ತರರ ಬಾಯಲ್ಲಿ ಹತ್ತು ನಿಮಿಷ ಆಗಿತ್ತು. ಆದರೆ ಮುಳುಗುತ್ತಿರುವ ರಾಜ್ಯದ ಹೊಸ ಚಿನ್ನ ಏಳು ಸಮುದ್ರದಾಚೆಯ ಹಾನಗಲ್ಲ ಸೀಮೆಯ ಭತ್ತದ ಗದ್ದೆಗೆ ಯಾಕೆ ಬಂತು ಅಂತ ಯಾವ ಮಾಸ್ತರರೂ ಹೇಳಲಿಲ್ಲ. ಹೇಳಿದ್ದರೆ ನಾನು ಈ ವಯಸ್ಸಿನಲ್ಲಿ ಬಸ್ಸು ಹತ್ತುವ ಪ್ರಸಂಗ ಬರುತ್ತಿರಲಿಲ್ಲ.

ಲಕಮನಹಳ್ಳಿ ಪ್ರಯಾಣಕ್ಕೆ ಹೊರಡಲು ಒಳ್ಳೆಯ ಜಾಗ. ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಅವುಗಳ ನಡುವೆ ಇನ್ನೂ ಉಸಿರಾಡುವ ಹಳೆಯ ಊರು. ಕೆಲವು ಗೇಟುಗಳ ಬೀಗಕ್ಕೆ ತುಕ್ಕು ಹಿಡಿದಿದೆ, ಪಕ್ಕದ ಗೇಟಿನಲ್ಲಿ ಹೊಸ ಫಲಕ ಏರಿದೆ. ಉದ್ಯಮವೊಂದು ಯಾವ ದಿನ ಸತ್ತಿತು ಅಂತ ಅಲ್ಲಿ ನಿಂತು ಕೇಳಿದರೆ ಒಬ್ಬೊಬ್ಬರು ಒಂದೊಂದು ವರ್ಷ ಹೇಳುತ್ತಾರೆ.

ಹುಬ್ಬಳ್ಳಿ ದಾಟಿದ ಮೇಲೆ ಕರಿ ಮಣ್ಣು ನಿಧಾನಕ್ಕೆ ಕೆಂಪಾಗುತ್ತದೆ. ಬಂಕಾಪುರದಲ್ಲಿ ಇಳಿದೆ. ಕೋಟೆಯೊಳಗೆ ನವಿಲುಧಾಮ. ರಾಷ್ಟ್ರಕೂಟರ ಕಾಲಕ್ಕೆ ಗುಣಭದ್ರರ ಉತ್ತರಪುರಾಣದ ಜೊತೆ ಹೆಸರು ತಳಕು ಹಾಕಿಕೊಂಡಿದ್ದ ಊರು ಇದು. 1565ರಲ್ಲಿ ವಿಜಯನಗರ ಸೋತ ಮೇಲೆ ಒಂದು ದಶಕದ ಹೊತ್ತಿಗೆ ಆದಿಲ್‌ಶಾಹಿಯ ಕೈಗೆ ಹೋಯಿತು. ಅಲ್ಲಿ ಕಲ್ಲುಗಂಬಗಳ ನೆರಳಲ್ಲಿ ಕೂತಾಗ ರಾಬರ್ಟ್ ಸಿವೆಲ್ ನೆನಪಾದ. ವಿಜಯನಗರದ ಬಗ್ಗೆ 1900ರಲ್ಲಿ ‘ಮರೆತುಹೋದ ಸಾಮ್ರಾಜ್ಯ’ ಅಂತ ಪುಸ್ತಕ ಬರೆದ ಬ್ರಿಟಿಷ್ ಅಧಿಕಾರಿ. ಅದು ಎಲ್ಲರಿಗೂ ಗೊತ್ತು. ಅದೇ ಸಿವೆಲ್ 1904ರಲ್ಲಿ ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳ ಮೇಲೆ ದೊಡ್ಡ ಲೇಖನ ಬರೆದ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಹಂಪಿಯ ಬೀಳು ಮತ್ತು ರೋಮಿನ ಬೀಳು ಎರಡೂ ಒಬ್ಬನ ಮೇಜಿನ ಮೇಲೆ ಇದ್ದವು! ಯಾವ ಕತ್ತಲ ಸಂಜೆಯಲ್ಲಿ ಅವನಿಗೆ ಒಂದು ಇನ್ನೊಂದನ್ನು ನೆನಪಿಸಿರಬಹುದು ಅಂತ ಯೋಚಿಸುತ್ತ ಕೂತಿದ್ದೆ. ಒಂದು ಗಂಡು ನವಿಲು ಬಂದು ನನ್ನ ಚೀಲದಲ್ಲಿದ್ದ ಚುರುಮುರಿ ಪೊಟ್ಟಣದ ಕಡೆ ಆಸೆಗಣ್ಣಿನಿಂದ ನೋಡತೊಡಗಿತು. ಎದ್ದುಬಿಟ್ಟೆ.

ಹಾನಗಲ್ಲಿನ ತಾರಕೇಶ್ವರ ಗುಡಿಯ ಛತ್ತಿನಲ್ಲಿ ಕಲ್ಲಿನ ಕಮಲವೊಂದು ತಲೆಕೆಳಗಾಗಿ ಅರಳಿದೆ. ಅದನ್ನು ನೋಡಲೆಂದೇ ಒಂದು ದಿನ ಬೇಕು. ಅವತ್ತು ಕತ್ತು ನೋಯುವವರೆಗೆ ನೋಡಿ ಮುಂದೆ ಹೊರಟೆ.

ಮುಂದಿನ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಒಬ್ಬ ಅಜ್ಜಿ ಬಂದು ಕೂತರು. ಮದುವೆ ಮನೆಗೆ ಹೊರಟಿದ್ದರು ಅಂತ ಕಾಣುತ್ತದೆ. ಇಳಕಲ್ ಸೀರೆ, ಕೊರಳಲ್ಲಿ ಪುತಳಿ ಸರ. ಬಿಲ್ಲೆ ಬಿಲ್ಲೆ ಜೋಡಿಸಿದ ಹಳೆಯ ಚಿನ್ನ. ನನ್ನ ಕಣ್ಣು ಅಲ್ಲೇ ನೆಟ್ಟದ್ದು ಅವರಿಗೆ ತಿಳಿಯಿತು. ಸೆರಗು ಎಳೆದುಕೊಳ್ಳುವ ಮೊದಲೇ ನಾನು, “ಅಜ್ಜಿ, ಇದರ ಮ್ಯಾಲಿನ ಮನುಷ್ಯಾ ಯಾರು?” ಅಂತ ಕೇಳಿದೆ.

“ಯಾರರೆ ಇರಲಿ ಬಿಡಪಾ, ನಮ್ಮತ್ತಿ ಹಾಕ್ಕೊಂಡಿದ್ಲು” ಅಂದರು.

ಅಂಥ ಬಿಲ್ಲೆಗಳ ಮೂಲಪುರುಷ ವೆನಿಸ್ ಗಣರಾಜ್ಯದ ಡ್ಯೂಕಾಟ್ ನಾಣ್ಯ. ಅದರ ಮೇಲೆ ಸಂತ ಮಾರ್ಕನ ಮುಂದೆ ಮೊಣಕಾಲೂರಿದ ವೆನಿಸ್ಸಿನ ಒಡೆಯ ಇರುತ್ತಾನೆ. ಅರಬ್ಬಿ ಸಮುದ್ರದ ವ್ಯಾಪಾರದಲ್ಲಿ ಈ ನಾಣ್ಯಕ್ಕೆ ಎಂಥ ಹೆಸರಿತ್ತೆಂದರೆ, ನಮ್ಮ ಅಕ್ಕಸಾಲಿಗರು ಅದನ್ನೇ ನೋಡಿ ನೋಡಿ ತಾವೂ ಒತ್ತಿದರು. ಒತ್ತುತ್ತ ಹೋದಂತೆ ಸಂತನ ಮುಖ ಅಳಿಸಿತು, ಲ್ಯಾಟಿನ್ ಅಕ್ಷರ ಬರೀ ಗೀಟಾಯಿತು. 1797ರಲ್ಲಿ ನೆಪೋಲಿಯನ್ ವೆನಿಸ್ಸಿನ ಗಣರಾಜ್ಯವನ್ನು ಮುಗಿಸಿದ. ಧಾರವಾಡ ಸೀಮೆಯ ಕೊರಳುಗಳಿಗೆ ಆ ಸುದ್ದಿ ಬರಲೇ ಇಲ್ಲ. ರಾಣಿ ಛಾಪಿನ ಕಾಸಿನ ಸರದ ಕಥೆಯೂ ಅಷ್ಟೆ. ವಿಕ್ಟೋರಿಯಾಳ ರಾಜ್ಯದಲ್ಲಿ ಸೂರ್ಯ ಮುಳುಗಿ ಎಷ್ಟೋ ಕಾಲವಾದರೂ ಆಕೆ ನಮ್ಮ ಮದುವೆಗಳಿಗೆ ತಪ್ಪದೆ ಬರುತ್ತಾಳೆ.

ಈಗ ರೋಮನ್ ಚಿನ್ನಕ್ಕೆ ಬನ್ನಿ. ದಕ್ಷಿಣ ಭಾರತದಲ್ಲಿ ಸಿಕ್ಕ ಐದು–ಆರನೆಯ ಶತಮಾನದ ರೋಮನ್ ಚಿನ್ನದ ನಾಣ್ಯಗಳಲ್ಲಿ ಅನೇಕಕ್ಕೆ ಎರಡು ಸಣ್ಣ ತೂತುಗಳಿವೆ. ಚಕ್ರವರ್ತಿಯ ತಲೆಯ ಮೇಲ್ಗಡೆ, ಅಕ್ಕಪಕ್ಕ. ದಾರ ಪೋಣಿಸಿದರೆ ಮುಖ ನೆಟ್ಟಗೆ ನಿಲ್ಲಬೇಕು, ಅದಕ್ಕೆ. ಅಂದರೆ ಪೂರ್ವ ರೋಮಿನ ರಾಜಧಾನಿ ಕಾನ್‌ಸ್ಟಾಂಟಿನೋಪಲ್ಲಿನ ಸಿಂಹಾಸನದಲ್ಲಿ ಕೂತವನು ಇಲ್ಲಿ ಯಾರದೋ ಎದೆಯ ಮೇಲೆ ತೂಗಿದ! ಈ ಎರಡು ತೂತಿನ ಸಂಗತಿ ಓದಿದ ದಿನದಿಂದ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ. ಅಜ್ಜಿಯ ಪುತಳಿ ಸರಕ್ಕೆ ಒಂದೂವರೆ ಸಾವಿರ ವರ್ಷದ ಹಿಂದಿನ ಮುತ್ತಜ್ಜಿ ಒಬ್ಬಳು ಸಿಕ್ಕಿದ ಹಾಗೆ.

ಅಕ್ಕಿಆಲೂರು ದೊಡ್ಡ ಊರು. ವಿರಕ್ತಮಠ, ಸಂತೆ, ಗೋವಿನಜೋಳ ಒಣಗಿಸಿದ ರಸ್ತೆ ಬದಿ, ಮಾವಿನ ತೋಪು. ನಿಧಿ ನೋಡಲು ಅಲ್ಲಿ ಏನೂ ಇಲ್ಲ, ಫಲಕವೂ ಇಲ್ಲ. ಆ ನಿಧಿಯ ಕುರಿತು ಬೇರೆ ಬೇರೆ ಕಡೆ ಅಚ್ಚಾದ ವರದಿಗಳ ಸಿಕ್ಕು ಬಿಡಿಸುವುದೇ ನಾಣ್ಯಪಂಡಿತರಿಗೆ ಒಂದು ಕೆಲಸವಾಗಿದೆ. ಚಹಾದಂಗಡಿಯಲ್ಲಿ ಕೂತು, ಇಲ್ಲಿ ಬಂಗಾರದ ನಾಣ್ಯ ಸಿಕ್ಕಿದ್ದು ಯಾವ ಕಡೆ ಅಂತ ಕೇಳಿದೆ. ಚಹಾ ಸೋಸುತ್ತಿದ್ದವ ತಲೆ ಎತ್ತಲಿಲ್ಲ. “ಸಿಕ್ಕಾವ್ರು ಹೇಳತಾರೇನ್ರಿ?” ಅಂದ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಒಬ್ಬರು ನಿಧಿಗೆ ಸರ್ಪಗಾವಲು ಇರುತ್ತದೆ ಅಂದರು. ಇನ್ನೊಬ್ಬರಿಗೆ ನಾನು ಜಮೀನಿನ ದಲಾಲ ಇರಬೇಕೆಂಬ ಗುಮಾನಿ. ಅವರ ಗುಮಾನಿ ಕಳೆಯಲು ರೋಮಿನ ಕಥೆ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ನನಗೇ ಅದು ಸ್ಪಷ್ಟವಾಯಿತು.

ಮೊದಲು ಬೆಳ್ಳಿ ಬಂತು. ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಡಿನೇರಿಯಸ್, ಹತ್ತಿರ ಹತ್ತಿರ ಅಪ್ಪಟ ಬೆಳ್ಳಿ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ಹಳಿ ಹಾಕುವಾಗ 163 ನಾಣ್ಯ ಸಿಕ್ಕವು. 1965ರಲ್ಲಿ ಬೆಂಗಳೂರಿನಲ್ಲೇ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ 256. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಇವೇ ಅರಸರ ನಾಣ್ಯ ಸಿಕ್ಕಿವೆ. ಅಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ ಅಗೆದರು, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದರು. ಭಾರತಕ್ಕೆ ಬಂದ ರೋಮನ್ ಬೆಳ್ಳಿಯಲ್ಲಿ ಬಹುಪಾಲು ಈ ಇಬ್ಬರು ಅರಸರದ್ದೇ. ಕ್ರಿ.ಶ. 64ರಲ್ಲಿ ನೀರೊ ತನ್ನ ನಾಣ್ಯದ ತೂಕವನ್ನೂ ಬೆಳ್ಳಿಯ ಪಾಲನ್ನೂ ಇಳಿಸಿದ. ನಮ್ಮವರು ಹೊಸತನ್ನು ಪಕ್ಕಕ್ಕಿಟ್ಟು ಹಳೆಯದನ್ನೇ ಕೇಳಿದರು. ಕೆಲವು ನಾಣ್ಯಗಳ ಮೇಲೆ ಚಾಣದಿಂದ ಕೊರೆದ ಗಾಯ ಇದೆ, ಚಕ್ರವರ್ತಿಯ ಗಲ್ಲದ ಮೇಲೇ. ಒಳಗೆ ತಾಮ್ರ ಇದೆಯೋ ನೋಡೋಣ ಅಂತ. ರೋಮಿನ ಸೆನೆಟ್ಟಿಗಿಂತ ಮೊದಲೇ ನಮ್ಮ ಚಿನಿವಾರರಿಗೆ ಸಾಮ್ರಾಜ್ಯದ ಆರೋಗ್ಯ ತಿಳಿದಿತ್ತು ಅಂತ ಹೇಳುವುದು ಸ್ವಲ್ಪ ಜಾಸ್ತಿಯಾದೀತು. ಆದರೆ ಹೇಳದೆ ಇರಲಾರೆ.

ಆ ಆರೋಗ್ಯ ಹದಗೆಡಲು ಎರಡು ಶತಮಾನ ಹಿಡಿಯಿತು. ಗಡಿಯಲ್ಲಿ ಯುದ್ಧ, ಯುದ್ಧಕ್ಕೆ ಸೈನ್ಯ, ಸೈನ್ಯಕ್ಕೆ ಸಂಬಳ, ಸಂಬಳಕ್ಕೆ ಬೆಳ್ಳಿ ಸಾಲದೆ ತಾಮ್ರ. 165ರಿಂದ ಒಂದು ಮಹಾಮಾರಿ. 235ರಿಂದ 284ರವರೆಗೆ ಸೈನಿಕರು ಒಬ್ಬನನ್ನು ಏರಿಸಿ ಇನ್ನೊಬ್ಬನನ್ನು ಕೊಂದರು. 260ರ ದಶಕದ ಕೊನೆಯ ಹೊತ್ತಿಗೆ ‘ಬೆಳ್ಳಿ’ ನಾಣ್ಯದಲ್ಲಿ ಬೆಳ್ಳಿ ನೂರಕ್ಕೆ ಐದು ಪಾಲೂ ಇರಲಿಲ್ಲ. 301ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಕಾಳಿನಿಂದ ಕೂಲಿಯವರೆಗೆ ಬೆಲೆ ಕಟ್ಟಿ ಆಜ್ಞೆ ಹೊರಡಿಸಿದ, ಮೀರಿದರೆ ಮರಣದಂಡನೆ. ಮಾಲು ಸಂತೆಯಿಂದಲೇ ಮಾಯವಾಯಿತು. ಇಷ್ಟು ಹೇಳುವಾಗ ಬೆಂಚಿನ ಮೇಲಿನವರು, “ಆಗೂ ಹಂಗs ಏನು?” ಅಂದರು.

ಆಮೇಲೆ ಚಕ್ರವರ್ತಿ ಕಾನ್‌ಸ್ಟಂಟೈನ್ ಬಂದು ಚಿನ್ನದ ಸಾಲಿಡಸ್ ಒತ್ತಿಸಿದ. ಒಂದು ರೋಮನ್ ಪೌಂಡು ಚಿನ್ನಕ್ಕೆ 72 ನಾಣ್ಯ, ಒಂದೊಂದು ನಾಲ್ಕೂವರೆ ಗ್ರಾಮಿನ ಹತ್ತಿರ. ನನಗೆ ಇಡೀ ಕಥೆಯಲ್ಲಿ ಅತಿ ವಿಚಿತ್ರ ಅನಿಸಿದ್ದು ಇದು. ಸಾಮ್ರಾಜ್ಯ ಕುಸಿಯುತ್ತ ಹೋಯಿತು, ಈ ನಾಣ್ಯ ಕುಸಿಯಲಿಲ್ಲ. 410ರಲ್ಲಿ ಗಾಥ್ ಅರಸ ಅಲಾರಿಕ್ ರೋಮ್ ನಗರ ಲೂಟಿ ಮಾಡಿದಾಗಲೂ ಅದೇ ತೂಕ. 439ರಲ್ಲಿ ವ್ಯಾಂಡಲರು ಕಾರ್ಥೇಜ್ ಹಿಡಿದು ರೋಮಿನ ಅನ್ನದ ಬಟ್ಟಲನ್ನೂ ಕಂದಾಯದ ಗಂಟನ್ನೂ ಒಟ್ಟಿಗೆ ಕಸಿದಾಗಲೂ ಅದೇ ತೂಕ. ಹನ್ನೊಂದನೆಯ ಶತಮಾನದವರೆಗೂ ಅದು ಹೆಚ್ಚುಕಡಿಮೆ ಹಾಗೇ ಉಳಿಯಿತು. ಪೂರ್ವದ ಚಕ್ರವರ್ತಿ ಎರಡನೇ ಥಿಯೊಡೋಸಿಯಸ್ ಹೂಣರ ಅಟ್ಟಿಲನಿಗೆ ವರ್ಷಕ್ಕೆ 2,100 ಪೌಂಡು ಚಿನ್ನ ಕಪ್ಪ ಕೊಡಲು ಒಪ್ಪಿದ್ದ. ಲೆಕ್ಕ ಹಾಕಿ, ಒಂದೂವರೆ ಲಕ್ಷಕ್ಕೂ ಮಿಕ್ಕ ನಾಣ್ಯ. ಅದೇ ಕಾಲದಲ್ಲಿ ಅದೇ ಬಗೆಯ ಚಿನ್ನ ಕೆಂಪು ಸಮುದ್ರ ದಾಟಿ ಇತ್ತ ಹರಿಯುತ್ತಿತ್ತು. 476ರಲ್ಲಿ ಒಡೊವೇಸರ್ ಎಂಬ ದಂಡನಾಯಕ ಹುಡುಗ ಚಕ್ರವರ್ತಿ ರೊಮುಲಸ್ ಅಗಸ್ಟುಲಸ್‌ನನ್ನು ಪಟ್ಟದಿಂದ ಇಳಿಸಿದ. ಕೊಲ್ಲಲಿಲ್ಲ. ದಕ್ಷಿಣ ಇಟಲಿಯ ಒಂದು ಮಹಲಿಗೆ ಕಳಿಸಿ ವರ್ಷಕ್ಕೆ 6,000 ಸಾಲಿಡಸ್ ಪಿಂಚಣಿ ಕಟ್ಟಿದ! ಪಿಂಚಣಿ ಎಂದಕೂಡಲೆ ಚಹಾದಂಗಡಿಯಲ್ಲಿ ಆ ಹುಡುಗನ ಬಗ್ಗೆ ಮರುಕ ಪೂರ್ತಿ ಹೋಯಿತು.

ಪಟ್ಟದ ಲಾಂಛನಗಳು ಕಾನ್‌ಸ್ಟಾಂಟಿನೋಪಲ್ಲಿಗೆ ಹೋದವು, ಅಲ್ಲಿ ಝೀನೊ ಆಳುತ್ತಿದ್ದ. ಅಲ್ಲಿಯವರು ತಮ್ಮನ್ನು ರೋಮನ್ನರೆಂದೇ ಕರೆದುಕೊಂಡರು, 1453ರವರೆಗೆ. ಇತ್ತ ಬನವಾಸಿಯಲ್ಲಿ ಕದಂಬ ಮೃಗೇಶವರ್ಮನ ಆಸುಪಾಸಿನ ಕಾಲ. ಅದಕ್ಕೆ ಒಂದು ತಲೆಮಾರು ಹಿಂದೆ, ಅಟ್ಟಿಲ ಯುರೋಪನ್ನು ತುಳಿಯುತ್ತಿದ್ದ ಸುಮಾರಿಗೆ, ಹಲ್ಮಿಡಿಯ ಕಲ್ಲಿನ ಮೇಲೆ ಕನ್ನಡ ಮೂಡುತ್ತಿತ್ತು. ನಮ್ಮ ಪಠ್ಯದಲ್ಲಿ ಇವು ಎರಡು ಬೇರೆ ಅಧ್ಯಾಯ, ನಡುವೆ ನೂರು ಪುಟ. ಅಕ್ಕಿಆಲೂರಿನ ಮಣ್ಣಿನಲ್ಲಿ ಒಂದೇ ಮಡಿಕೆ.

ಆರನೆಯ ಶತಮಾನದಲ್ಲಿ ಕಾಸ್ಮಸ್ ಎಂಬ ಅಲೆಕ್ಸಾಂಡ್ರಿಯದ ವ್ಯಾಪಾರಿ, ಮುಂದೆ ಸನ್ಯಾಸಿ, ಒಂದು ಪ್ರಸಂಗ ಬರೆದಿದ್ದಾನೆ. ಸಿಂಹಳದ ಅರಸನ ಮುಂದೆ ಒಬ್ಬ ಪರ್ಷಿಯನ್, ಒಬ್ಬ ರೋಮನ್ ವ್ಯಾಪಾರಿ ನಿಂತಿದ್ದಾರೆ. ನಿಮ್ಮಿಬ್ಬರಲ್ಲಿ ಯಾರ ರಾಜ ದೊಡ್ಡವ ಅಂತ ಅರಸ ಕೇಳಿದ. ಪರ್ಷಿಯನ್ ಉದ್ದಕ್ಕೆ ಹೊಗಳಿದ. ರೋಮನ್ ವ್ಯಾಪಾರಿ ಸೋಪಾಟ್ರಸ್ ಹೇಳಿದ್ದು ಇಷ್ಟೆ: ಇಬ್ಬರೂ ಇಲ್ಲೇ ಇದ್ದಾರೆ, ನೀವೇ ನೋಡಿ. ಎರಡೂ ನಾಣ್ಯ ತರಿಸಿದರು. ಇತ್ತ ಥಳಥಳಿಸುವ ಚಿನ್ನ, ಅತ್ತ ಬೆಳ್ಳಿ. ಅರಸ ಚಿನ್ನದ ಕಡೆ ತೀರ್ಪು ಕೊಟ್ಟ. ಕಾಸ್ಮಸ್ ರೋಮಿನ ಪಕ್ಷದವ, ಅವನ ಮಾತನ್ನು ಸ್ವಲ್ಪ ಸೋಸಿಯೇ ಕೇಳಬೇಕು. ಆದರೂ ಕಾಲ ನೋಡಿ. ಅವನು ಪುಸ್ತಕ ಬರೆದದ್ದು 550ರ ಸುಮಾರಿಗೆ. 546ರಲ್ಲಿ ಗಾಥ್ ಅರಸ ಟೋಟಿಲ ರೋಮ್ ನಗರ ಹೊಕ್ಕಾಗ ಅಲ್ಲಿ 500 ಸಾಮಾನ್ಯ ಜನ ಉಳಿದಿದ್ದರು ಅಂತ ಇತಿಹಾಸಕಾರ ಪ್ರೊಕೋಪಿಯಸ್ ಬರೆಯುತ್ತಾನೆ. ಅಗಸ್ಟಸನ ಕಾಲಕ್ಕೆ ಹತ್ತು ಲಕ್ಷ ಜನ ಇದ್ದಿರಬಹುದಾದ ಊರು! ಊರು ಖಾಲಿ, ಅದರ ಹೆಸರಿನ ಚಿನ್ನ ಸಿಂಹಳದ ಆಸ್ಥಾನದಲ್ಲಿ ಗೆಲ್ಲುತ್ತಿದೆ.

ಇನ್ನೊಂದು ಕಾಕತಾಳೀಯ. 541ರಲ್ಲಿ ಈಜಿಪ್ಟಿನ ಬಂದರಿನಲ್ಲಿ ಕಾಣಿಸಿದ ಪ್ಲೇಗು ಮರುವರ್ಷ ಚಕ್ರವರ್ತಿ ಜಸ್ಟಿನಿಯನ್ನನ ರಾಜಧಾನಿಯನ್ನು ಹೊಕ್ಕಿತು. 543ರಲ್ಲಿ, ಶಕ 465ರ ಶಾಸನದ ಪ್ರಕಾರ, ಒಂದನೇ ಪುಲಕೇಶಿ ಬಾದಾಮಿಯಲ್ಲಿ ಕೋಟೆ ಕಟ್ಟಿಸಿದ. ಕದಂಬರ ಸೂರ್ಯ ಇಳಿಯುತ್ತಿದ್ದ. ಅಕ್ಕಿಆಲೂರಿನ ಚಿನ್ನವನ್ನು ಹೂತವರು ಈ ಗದ್ದಲಕ್ಕೆ ಹೆದರಿ ಹೂತರು ಅಂತ ಕಥೆ ಕಟ್ಟಲು ನಾಲಿಗೆ ತುರಿಸುತ್ತದೆ. ಕಟ್ಟಲಾರೆ. ಮಡಿಕೆ ಹೂಳಲು ಯುದ್ಧವೇ ಬೇಕೆಂದಿಲ್ಲ, ದಾಯಾದಿಗಳು ಸಾಕು.

ಅಕ್ಕಿಆಲೂರಿನಿಂದ ಬನವಾಸಿಗೆ ಹೋಗುವಾಗ ಗಾಳಿ ಬದಲಾಯಿತು. ಬಯಲು ಮುಗಿದು ಅಡಿಕೆ ತೋಟದ ತಂಪು. ವರದೆ ಊರನ್ನು ಮೂರು ಕಡೆ ಬಳಸಿಕೊಂಡಿದ್ದಾಳೆ. ಗ್ರೀಕ್ ಭೂಗೋಳಜ್ಞ ಟಾಲೆಮಿ ಎರಡನೆಯ ಶತಮಾನದಲ್ಲೇ ಈ ಊರಿನ ಹೆಸರು ಬರೆದಿಟ್ಟಿದ್ದ. ಅವನು ಬರೆದದ್ದು ಅಲೆಕ್ಸಾಂಡ್ರಿಯದಲ್ಲಿ ಕೂತು, ಮೆಣಸಿನ ಹಡಗಿನವರ ಬಾಯಿಂದ ಕೇಳಿ. ಮಧುಕೇಶ್ವರ ಗುಡಿಯ ಆವರಣದಲ್ಲಿ ಐದು ಹೆಡೆಯ ನಾಗನ ಕಲ್ಲಿದೆ, ಪಕ್ಕದಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನ. ಚುಟು ಅರಸರ ಕಾಲದ್ದು. ಅದನ್ನು ಕೆತ್ತಿದಾಗ ರೋಮ್ ಇನ್ನೂ ಬಿದ್ದಿರಲಿಲ್ಲ. ನಿಧಿಯ ಸರ್ಪ ಎಂದವರ ಮಾತು ನೆನಪಾಗಿ ಆ ಹೆಡೆಗಳ ಮುಂದೆ ಹೆಚ್ಚು ಹೊತ್ತೇ ನಿಂತೆ. ಕಲ್ಲಿನ ಮೈ ನುಣುಪು, ಮೊನ್ನೆ ಕಡೆದ ಹಾಗೆ.

ಮೆಣಸಿನ ಮಾತು ಬಂತು. ರೋಮಿನ ಚಿನ್ನ ಬೆಳ್ಳಿ ಇತ್ತ ಹರಿದದ್ದೇ ಅದಕ್ಕಾಗಿ, ಜೊತೆಗೆ ಮುತ್ತು, ಅರಿವೆ, ಕಲ್ಲು. ಮುಖ್ಯ ವ್ಯಾಪಾರ ಮುಜಿರಿಸ್ ಮುಂತಾದ ದಕ್ಷಿಣದ ಬಂದರುಗಳದ್ದು, ನಮ್ಮ ಶಿರಸಿ ಘಟ್ಟದ ಪಾಲೆಷ್ಟು ಅಂತ ಯಾವ ಪುಸ್ತಕವೂ ತೂಗಿ ಹೇಳುವುದಿಲ್ಲ. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯ ಭಾರತಕ್ಕೆ ಹೋಗುತ್ತಿದೆ ಅಂತ ಮೊದಲ ಶತಮಾನದಲ್ಲಿ ರೋಮನ್ ಲೇಖಕ ಪ್ಲಿನಿ ಗೊಣಗಿದ್ದ. ಕೆಂಪು ಸಮುದ್ರದ ಬೆರೆನಿಕೆ ಬಂದರಿನಲ್ಲಿ ಅಗೆದವರಿಗೆ ದೇವಸ್ಥಾನದೊಳಗೆ ಒಂದು ಭಾರತೀಯ ಹರವಿ ಸಿಕ್ಕಿತು. ಅದರಲ್ಲಿ ಏಳೂವರೆ ಕಿಲೊ ಕರಿಮೆಣಸು, ಎರಡು ಸಾವಿರ ವರ್ಷದ್ದು. ರೋಮ್ ನಗರದ ನಡುವೆ ಮೆಣಸಿಗೆಂದೇ ಉಗ್ರಾಣಗಳಿದ್ದವು.

ಶಿರಸಿಯ ಕಡೆ ಪರಿಚಯದವರೊಬ್ಬರ ತೋಟದಲ್ಲಿ ಉಳಿದೆ. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಹಸಿರು ಗೊಂಚಲು. ಸೊರಗು ರೋಗದಲ್ಲಿ ಹೋದ ಬಳ್ಳಿಗಳನ್ನು ತೋರಿಸುತ್ತ, ವಿಯೆಟ್ನಾಮಿನ ಮೆಣಸು ದರವನ್ನು ಹೇಗೆ ಕೆಳಗೆಳೆಯುತ್ತದೆ ಅಂತ ಬೈಯುತ್ತ ಅವರು ಮುಂದೆ ನಡೆದರು. ಅಂಗಳಕ್ಕೆ ಬಂದು ಕೂತ ಮೇಲೆ ನಾನು ಅಲಾರಿಕನ ಕಥೆ ತೆಗೆದೆ. 408ರಲ್ಲಿ ಅವನು ರೋಮಿಗೆ ಮುತ್ತಿಗೆ ಹಾಕಿ, ಬಿಟ್ಟುಹೋಗಲು ಬೆಲೆ ಕೇಳಿದ. 5,000 ಪೌಂಡು ಚಿನ್ನ, 30,000 ಪೌಂಡು ಬೆಳ್ಳಿ, 4,000 ರೇಷ್ಮೆ ಅಂಗಿ, 3,000 ಕೆಂಪು ಬಣ್ಣದ ತುಪ್ಪಳ, ಮತ್ತೆ 3,000 ಪೌಂಡು ಮೆಣಸು.

“ಅಂದರೆ ಎಷ್ಟಾತು?”

“ಹತ್ತು ಕ್ವಿಂಟಲಿಗೆ ಸ್ವಲ್ಪ ಕಡಿಮೆ.”

ಅವರಿಗೆ ನಂಬಿಕೆ ಬರಲಿಲ್ಲ. ಹತ್ತು ಕ್ವಿಂಟಲ್ ಅಂದರೆ ಸೊಸೈಟಿ ವ್ಯಾಪಾರದ ದಿನ ಒಂದು ಟೆಂಪೊದಲ್ಲಿ ಬರುವ ಮಾಲು, ಅದಕ್ಕೆ ರೋಮನ್ನು ಬಿಟ್ಟುಹೋದನಾ ಅಂತ ಕೇಳಿದರು. ಬಿಟ್ಟ, ಎರಡು ವರ್ಷ ಬಿಟ್ಟು ಮತ್ತೆ ಬಂದು ಊರನ್ನೇ ಲೂಟಿ ಮಾಡಿದ ಅಂದೆ. ಚಿನ್ನ ಹೊಂದಿಸಲು ದೇವರ ವಿಗ್ರಹಗಳನ್ನು ಕರಗಿಸಿದ್ದರಂತೆ ಅಂತಲೂ ಹೇಳಿದೆ. ಅದು ಅವರನ್ನು ಅಷ್ಟು ತಟ್ಟಲಿಲ್ಲ. ಅವರ ತಲೆ ಮೆಣಸಿನಲ್ಲೇ ಇತ್ತು.

“ಬಿಳಿಯೋ ಕರಿಯೋ?”

ಈ ಪ್ರಶ್ನೆ ಯಾವ ಇತಿಹಾಸಕಾರನೂ ಕೇಳಿದ್ದನ್ನು ನಾನು ಓದಿಲ್ಲ. ಲೆಕ್ಕ ಬರೆದಿಟ್ಟ ಝೋಸಿಮಸ್ ಬರೀ ಮೆಣಸು ಅಂದಿದ್ದಾನೆ. ದರ ಬೇಕಾದರೆ ಪ್ಲಿನಿಯದಿದೆ ಅಂದೆ. ಅವನ ಕಾಲಕ್ಕೆ ಪೌಂಡಿಗೆ ಹಿಪ್ಪಲಿ 15 ಡಿನೇರಿಯಸ್, ಬಿಳಿಮೆಣಸು 7, ಕರಿಮೆಣಸು 4.

ಅವರು ಕಣ್ಣು ಮುಚ್ಚಿ ಏನೋ ಗುಣಿಸಿದರು. “ಬಿಳಿ ಮಾಡಿರೆ ಸಿಪ್ಪೆ ಹೋಗಿ ತೂಕ ಇಳೀತು, ಕೆಲಸಾನೂ ಜಾಸ್ತಿ. ನಾಕಕ್ಕೆ ಏಳು ಅಂದ್ರೆ ಅಡ್ಡಿಲ್ಲೆ” ಅಂದರು, “ಈಗಿನ ದಲಾಲರಕ್ಕಿಂತ ಅಡ್ಡಿಲ್ಲೆ.”